ಮನೆಯ ಶುಭಕಾರ್ಯಕ್ಕೆ ಹೋಟೆಲು: ಆರಿಸುವ ಮುನ್ನ ಒಂದಿಷ್ಟು ವಿಚಾರ

ಮನೆಯಲ್ಲಿ ಶುಭಕಾರ್ಯವೆಂದರೆ ನಮ್ಮ ಹಿರಿಯರ ಕಾಲದಲ್ಲಿ ಅದು ಇಡೀ ಓಣಿಯ ಕಾರ್ಯವಾಗಿರುತ್ತಿತ್ತು. ನಾಲ್ಕು ದಿನ ಮುಂಚಿತವಾಗಿಯೇ ಅಂಗಳದಲ್ಲಿ ಹಂದರ ಏಳುತ್ತಿತ್ತು. ಹಿತ್ತಿಲಿನಲ್ಲಿ ಕಲ್ಲುಗಳನ್ನಿಟ್ಟು ಒಲೆ ಹೂಡುತ್ತಿದ್ದರು. ನೆರೆಮನೆಯವರು ಕೇಳುವ ಮೊದಲೇ ಕೊಪ್ಪರಿಗೆ, ಹಂಡೆ, ಸೌಟುಗಳನ್ನು ತಂದಿಡುತ್ತಿದ್ದರು. ತಾಯಂದಿರೆಲ್ಲ ಸೇರಿ ಹೂರಣ ರುಬ್ಬುತ್ತ, ರೊಟ್ಟಿ ಬಡಿಯುತ್ತ, ಹಾಡುತ್ತ ಬೆಳಗು ಮಾಡುತ್ತಿದ್ದರು. ಬಂದವರಿಗೆ ಉಣಬಡಿಸುವುದು ಮನೆಯವರ ಕೈಯಿಂದಲೇ ಆಗಬೇಕೆಂಬುದು ಅಂದಿನ ನಿಯಮವಾಗಿತ್ತು.

ಇಂದು ನಮ್ಮಲ್ಲಿ ಅನೇಕ ಕುಟುಂಬಗಳು ಉದ್ಯೋಗದ ನಿಮಿತ್ತ ಬೆಂಗಳೂರಿನಂತಹ ನಗರಗಳಲ್ಲಿ ನೆಲೆಸಿವೆ. ಎರಡು ಕೋಣೆಯ ಮನೆ, ಮೂರನೆಯ ಮಹಡಿ, ಅಂಗಳವೆಂಬುದೇ ಇಲ್ಲ. ಹೀಗಿರುವಾಗ ನಾಮಕರಣ, ನಿಶ್ಚಿತಾರ್ಥ, ಹಿರಿಯರ ಹುಟ್ಟುಹಬ್ಬ, ವಿವಾಹದ ಐವತ್ತನೆಯ ವರ್ಷ ಮುಂತಾದ ಸಣ್ಣ ಸಮಾರಂಭಗಳಿಗೆ ಹೋಟೆಲಿನ ಪಾರ್ಟಿ ಹಾಲ್ ಹಿಡಿಯುವುದು ರೂಢಿಯಾಗಿದೆ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆದರೆ ಯಾವ ಹೋಟೆಲನ್ನು ಹಿಡಿಯಬೇಕು, ಯಾವುದನ್ನು ನೋಡಿ ಹಿಡಿಯಬೇಕು ಎಂಬ ವಿಷಯದಲ್ಲಿ ನಾವು ಸಾಕಷ್ಟು ವಿಚಾರ ಮಾಡುತ್ತಿಲ್ಲ. ನಾವೂ ಮಾಡಿರಲಿಲ್ಲ. ಅದಕ್ಕಾಗಿ ಪಶ್ಚಾತ್ತಾಪಪಟ್ಟವರಾದ್ದರಿಂದಲೇ ಈ ನಾಲ್ಕು ಮಾತುಗಳನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಅಂಗಳದಿಂದ ಹಾಲಿಗೆ

ಬೆಂಗಳೂರಿನ ಹೋಟೆಲುಗಳ ಚರಿತ್ರೆ ದೊಡ್ಡದು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್‌ನ ಮೂಲವು 1924ರದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಆರಂಭವಾಯಿತು. ಅಂದು ಹೋಟೆಲೆಂದರೆ ದೋಸೆ, ಇಡ್ಲಿ, ಕಾಫಿಯ ತಾಣ. ಮನೆಯಿಂದ ದೂರವಿದ್ದ ವಿದ್ಯಾರ್ಥಿಗಳಿಗೂ ನೌಕರರಿಗೂ ಅದು ಆಸರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಈ ಕೆಲಸವನ್ನು ಖಾನಾವಳಿಗಳು ಮಾಡುತ್ತಿದ್ದವು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಲಿಂಗಾಯತ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ ಉಂಡು ಓದಿ ಮುಂದೆ ಬಂದವರು ನಮ್ಮ ಓದುಗರಲ್ಲಿಯೇ ಎಷ್ಟೋ ಮಂದಿ ಇದ್ದಾರು. ಆದರೆ ಮನೆಯ ಶುಭಕಾರ್ಯವನ್ನು ಅಲ್ಲಿ ಮಾಡಬೇಕೆಂದು ಯಾರೂ ಎಣಿಸಿರಲಿಲ್ಲ. ಮನೆ ಸಾಲದಿದ್ದರೆ ಮಠ, ಮಠ ಸಾಲದಿದ್ದರೆ ಕಲ್ಯಾಣ ಮಂಟಪ.

ಕಲ್ಯಾಣ ಮಂಟಪವಾದರೋ ಐನೂರು, ಸಾವಿರ ಜನರಿಗೆ ಕಟ್ಟಿದ್ದು. ಎಂಬತ್ತು ಜನರ ಕಾರ್ಯಕ್ಕೆ ಅದು ಬಯಲಿನಂತಾಗುತ್ತದೆ. 2020ರ ಮಹಾಮಾರಿಯ ದಿನಗಳಲ್ಲಿ ಮದುವೆಗೆ 50 ಜನರ ಮಿತಿಯನ್ನು ಸರಕಾರ ವಿಧಿಸಿದಾಗ, ಚಿಕ್ಕದಾಗಿ ಮಾಡಿದರೂ ಕಾರ್ಯ ಕಾರ್ಯವೇ ಎಂಬುದು ಅನೇಕರ ಅರಿವಿಗೆ ಬಂದಿತು. ಹೋಟೆಲಿನ ಸಣ್ಣ ಹಾಲುಗಳಿಗೆ ಬೇಡಿಕೆ ಹೆಚ್ಚಲು ಇದೂ ಒಂದು ಕಾರಣವೆಂದು ನಮ್ಮ ಭಾವನೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಮಗಳ ನಿಶ್ಚಿತಾರ್ಥವನ್ನು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮಾಡಿದೆವು. ಆ ಹಾಲನ್ನು ಆರಿಸಿದ್ದು ಹೇಗೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಬೀಗರು ಮೆಚ್ಚಬೇಕು, ಫೋಟೋ ಚೆನ್ನಾಗಿ ಬರಬೇಕು ಎಂಬುದಷ್ಟೇ ನಮ್ಮ ತಲೆಯಲ್ಲಿತ್ತು. ಹಾಲು ಎರಡನೆಯ ಮಹಡಿಯಲ್ಲಿತ್ತು. ಗಾಜಿನ ದೀಪಗಳು, ನುಣುಪಾದ ನೆಲ, ಹೂವಿನ ವೇದಿಕೆ ಎಲ್ಲವೂ ಕಣ್ಣು ತುಂಬುವಂತಿದ್ದವು. ಒಂದೇ ಸಂಜೆಯಲ್ಲಿ ಮುಂಗಡ ಕೊಟ್ಟು ಬಂದೆವು. ಅಡುಗೆಮನೆಯನ್ನು ನೋಡಲಿಲ್ಲ, ಲಿಫ್ಟಿನ ಬಗ್ಗೆ ಕೇಳಲಿಲ್ಲ.

ನಿಶ್ಚಿತಾರ್ಥದ ದಿನ ಬೆಳಿಗ್ಗೆಯೇ ಲಿಫ್ಟು ಕೆಟ್ಟು ನಿಂತಿತು. ಊರಿನಿಂದ ಬಂದಿದ್ದ ನಮ್ಮ ಸೋದರತ್ತೆಯವರಿಗೆ ಮೊಣಕಾಲು ನೋವು. ನಲವತ್ತು ಮೆಟ್ಟಿಲು ಹತ್ತುವುದು ಅವರಿಂದಾಗದು. ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತೇವೆಂದರೆ ಅವರು ಒಪ್ಪಲಿಲ್ಲ. ಕೆಳಗಡೆ ಲೆಕ್ಕ ಬರೆಯುವ ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೇಲೆ ಉಂಗುರ ತೊಡಿಸುವಾಗ ಚಪ್ಪಾಳೆಯ ಸದ್ದು ಅವರಿಗೆ ಕೇಳಿಸಿರಬೇಕು. ನಾವು ಅತಿಥಿಗಳ ಗದ್ದಲದಲ್ಲಿ ಮುಳುಗಿದ್ದೆವು. ನೆನಪಾಗಿ ಕೆಳಗಿಳಿದು ಬಂದಾಗ ಅವರು ಯಾರೋ ತಂದುಕೊಟ್ಟ ಡಬ್ಬಿಯ ಊಟವನ್ನು ಒಬ್ಬರೇ ಮುಗಿಸಿದ್ದರು.

"ಇರ್ಲಿ ಬಿಡಪಾ, ಊಟ ಛಲೋ ಇತ್ತು. ಎಲ್ಲಿ ಕುಂತು ಉಂಡರೇನು?" ಎಂದರು.

ಮರುವರ್ಷ ಅವರು ಲಿಂಗೈಕ್ಯರಾದರು. ನಮ್ಮ ಮನೆಯ ಕಾರ್ಯದಲ್ಲಿ ಅವರು ಉಂಡ ಕೊನೆಯ ಊಟ ಅದು. ನಮ್ಮನ್ನು ಎತ್ತಿ ಆಡಿಸಿದ ಹಿರಿಯ ಜೀವವನ್ನು ಪಂಕ್ತಿಯಿಂದ ಹೊರಗಿಟ್ಟೆವಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ. ಲಿಫ್ಟು ಕೆಟ್ಟದ್ದು ಹೋಟೆಲಿನವರ ತಪ್ಪಿರಬಹುದು. ಅದನ್ನು ವಿಚಾರಿಸದೆ ಎರಡನೆಯ ಮಹಡಿಯನ್ನು ಆರಿಸಿದ್ದು ನಮ್ಮ ತಪ್ಪು.

ಆದ್ದರಿಂದ ನಮ್ಮ ತಾಯಿಯವರಿಗೆ 75 ವರ್ಷ ತುಂಬಿದಾಗ, ಬಂಧುಗಳನ್ನೆಲ್ಲ ಕರೆದು ಒಂದು ಊಟ ಹಾಕಿಸಬೇಕೆಂಬ ಮಾತು ಬಂದೊಡನೆ, ಈ ಸಲ ಹಾಗಾಗಬಾರದೆಂದು ನಾವು ಮನೆಯವರೆಲ್ಲ ಕುಳಿತು ಚರ್ಚಿಸಿದೆವು. ಅಂದಿನಿಂದ ಕಲಿತದ್ದನ್ನು ಮುಂದೆ ಒಂದೊಂದಾಗಿ ಹೇಳುತ್ತೇವೆ.

ಮೊದಲು ಪಟ್ಟಿ, ಆಮೇಲೆ ಸ್ಥಳ

ಸಾಮಾನ್ಯವಾಗಿ ನಾವು ಮೊದಲು ಹಾಲು ನೋಡುತ್ತೇವೆ, ಅನಂತರ ಅದು ತುಂಬುವಂತೆ ಜನರನ್ನು ಕರೆಯುತ್ತೇವೆ. ಇದು ತಲೆಕೆಳಗಾದ ಕ್ರಮ. ಮೊದಲು ಒಂದು ಹಾಳೆಯಲ್ಲಿ ಮನೆಮನೆಯಾಗಿ ಹೆಸರು ಬರೆಯಬೇಕು. ಎದುರಿಗೆ ಮೂರು ಗುರುತು ಹಾಕಬೇಕು: ಎಪ್ಪತ್ತು ದಾಟಿದವರು ಯಾರು, ಎಳೆಯ ಮಕ್ಕಳಿರುವವರು ಯಾರು, ಪರಊರಿನಿಂದ ಬರುವವರು ಯಾರು. ಈ ಮೂರು ವರ್ಗದವರಿಗೆ ಅನುಕೂಲವಾದ ಸ್ಥಳ ಉಳಿದೆಲ್ಲರಿಗೂ ಅನುಕೂಲವಾಗಿಯೇ ಇರುತ್ತದೆ.

ಸಂಖ್ಯೆ ಗೊತ್ತಿರಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ಅನೇಕ ಹೋಟೆಲುಗಳಲ್ಲಿ ಹಾಲಿಗೆ ಪ್ರತ್ಯೇಕ ಬಾಡಿಗೆ ಕೇಳುವುದಿಲ್ಲ. ಅದರ ಬದಲು ಇಂತಿಷ್ಟು ಊಟಕ್ಕೆ ಹಣ ಕೊಡಲೇಬೇಕೆಂದು ಕರಾರು ಮಾಡುತ್ತಾರೆ. ಮಿನಿಮಮ್ ಗ್ಯಾರಂಟಿ ಎಂದು ಅವರು ಹೇಳುವುದು ಇದನ್ನೇ. ಬಂದವರು ಕಡಿಮೆಯಾದರೂ ಹಣ ಕಡಿಮೆಯಾಗದು.

ನಮ್ಮ ಪಟ್ಟಿಯಲ್ಲಿ 90 ಜನರಿದ್ದರು. ನಮಗೆ ಇಷ್ಟವಾದ ಒಂದು ಹಾಲಿನಲ್ಲಿ ಊಟಕ್ಕೆ 550 ರೂಪಾಯಿ, ಕನಿಷ್ಠ 125 ಊಟ ಎಂದರು. ಎಂದರೆ ಉಣ್ಣದ 35 ಊಟಗಳಿಗೆ 19,250 ರೂಪಾಯಿ ತೆರಬೇಕು. "ಹೇಗೂ ಹಣ ಕೊಡುತ್ತೇವೆ, ಇನ್ನೂ ಮೂವತ್ತು ಜನರನ್ನು ಕರೆಯೋಣ" ಎಂದು ಮಗ ಹೇಳಿದ. ಹಾಗೆ ಕರೆಯುತ್ತ ಹೋದರೆ ಮುಖಪರಿಚಯದವರೂ ಸೇರುತ್ತಾರೆ. ಅಜ್ಜಿಯ ಹತ್ತಿರ ಕುಳಿತು ಮಾತನಾಡಬೇಕಾದವರಿಗೇ ಬಿಡುವಿಲ್ಲದಂತಾಗುತ್ತದೆ. ಆ ಹಾಲನ್ನು ಕೈಬಿಟ್ಟೆವು.

ಮೆಟ್ಟಿಲು, ದಾರಿ, ನೀರು

ಹಾಲು ನೆಲಮಹಡಿಯಲ್ಲಿದ್ದರೆ ಬಹಳ ಒಳ್ಳೆಯದು. ಮೇಲಿದ್ದರೆ ಲಿಫ್ಟು ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ವಿದ್ಯುತ್ತು ಹೋದಾಗ ಅದು ನಡೆಯುತ್ತದೆಯೇ ಎಂದೂ ಕೇಳಬೇಕು. ನಾವು ನೋಡಿದ ಒಂದು ಕಡೆ ಜನರೇಟರ್ ಇತ್ತು. ಆದರೆ ಅದರಿಂದ ದೀಪ, ಫ್ಯಾನುಗಳು ಮಾತ್ರ ನಡೆಯುತ್ತಿದ್ದವು, ಲಿಫ್ಟಲ್ಲ. ಕೇಳದಿದ್ದರೆ ಅವರು ಹೇಳುತ್ತಿರಲಿಲ್ಲ.

ಬಾಗಿಲಿನಿಂದ ಊಟದ ಮೇಜಿನವರೆಗೆ ಹಿರಿಯರೊಬ್ಬರ ಜೊತೆ ನಾವೇ ಒಮ್ಮೆ ನಡೆದು ನೋಡಬೇಕು. ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ, ನೆಲ ಜಾರುತ್ತದೆಯೇ, ಗಾಲಿಕುರ್ಚಿ ಬಾಗಿಲಲ್ಲಿ ಹಿಡಿಸುತ್ತದೆಯೇ, ಶೌಚಾಲಯದಲ್ಲಿ ಕುಳಿತುಕೊಳ್ಳುವ ಕಮೋಡು ಇದೆಯೇ, ಅದು ಅದೇ ಮಹಡಿಯಲ್ಲಿದೆಯೇ ಎಂಬುದನ್ನೆಲ್ಲ ಪರೀಕ್ಷಿಸಬೇಕು. ಹಾಲನ್ನು ನೋಡಲು ನಮ್ಮ ತಾಯಿಯವರನ್ನೇ ಕರೆದೊಯ್ದೆವು. ನಾವು ಗಮನಿಸದ ಒಂದು ಸಂಗತಿಯನ್ನು ಅವರು ಕಂಡರು: ಕೈ ತೊಳೆಯುವ ಜಾಗದ ಮುಂದೆ ನೀರು ನಿಂತಿತ್ತು. "ಇಲ್ಲಿ ಒಂದು ಗೋಣಿತಟ್ಟು ಹಾಸ್ರಿ, ಯಾರಾದರೂ ಬಿದ್ದಾರು" ಎಂದು ಅವರು ಹೇಳಿದಾಗ ಮ್ಯಾನೇಜರರು ನಗುತ್ತ ಒಪ್ಪಿದರು.

ಊರಿನಿಂದ ಬರುವವರ ದಾರಿಯನ್ನೂ ಎಣಿಸಬೇಕು. ಹುಬ್ಬಳ್ಳಿ, ಗದಗ, ದಾವಣಗೆರೆ ಕಡೆಯ ಬಂಧುಗಳು ರೈಲಿನಲ್ಲೋ ಬಸ್ಸಿನಲ್ಲೋ ಮೆಜೆಸ್ಟಿಕ್ಕಿಗೆ ಬಂದಿಳಿಯುತ್ತಾರೆ. ಮೆಟ್ರೋದ ನೇರಳೆ ಮತ್ತು ಹಸಿರು ಮಾರ್ಗಗಳೆರಡೂ ಅಲ್ಲಿಯೇ ಸೇರುವುದರಿಂದ, ಮೆಟ್ರೋ ನಿಲ್ದಾಣದ ಸಮೀಪದ ಹೋಟೆಲಾದರೆ ಅವರಿಗೆ ಆಟೋದವರೊಡನೆ ಚೌಕಾಸಿ ಮಾಡುವ ಕಷ್ಟ ತಪ್ಪುತ್ತದೆ. ನಿಲ್ದಾಣಗಳಲ್ಲಿ ಲಿಫ್ಟುಗಳಿರುವುದು ಹಿರಿಯರಿಗೆ ಅನುಕೂಲ. ನಾವು ವಿಜಯನಗರದ ಕಡೆಯಲ್ಲಿ ಹಾಲು ಹುಡುಕಿದ್ದು ಇದೇ ಕಾರಣಕ್ಕೆ. ವಾರದ ದಿನದ ಸಂಜೆಗಿಂತ ಭಾನುವಾರದ ಮಧ್ಯಾಹ್ನ ಲೇಸು; ವಾಹನದಟ್ಟಣೆ ಕಡಿಮೆ, ಊಟ ಮುಗಿಸಿ ರಾತ್ರಿಯ ಗಾಡಿ ಹಿಡಿಯಲು ಸಮಯವೂ ಇರುತ್ತದೆ.

ಇನ್ನೊಂದು ಮಾತು. ನಮ್ಮ ಹಿರಿಯರಲ್ಲಿ ಇಷ್ಟಲಿಂಗ ಪೂಜೆಯಾಗದೆ ಪ್ರಸಾದ ಸ್ವೀಕರಿಸದವರಿದ್ದಾರೆ. ಪ್ರಯಾಣ ಮಾಡಿ ನೇರವಾಗಿ ಹಾಲಿಗೆ ಬರುವವರು ಕುಳಿತು ಪೂಜೆ ಮಾಡಿಕೊಳ್ಳಲು ಒಂದು ಶುಚಿಯಾದ ಮೂಲೆ ಬೇಕು. ಈ ಬೇಡಿಕೆಯನ್ನು ಹೋಟೆಲಿನವರ ಮುಂದಿಡಲು ನಾವು ಹಿಂಜರಿದಿದ್ದೆವು. ಕೇಳಿದಾಗ ಅವರು ಹಾಲಿನ ಪಕ್ಕದ ಸಾಮಾನಿನ ಕೋಣೆಯನ್ನು ತೊಳೆಸಿ ಚಾಪೆ ಹಾಸಿಸಿಕೊಟ್ಟರು. ಬಾಯಿಬಿಟ್ಟು ಕೇಳಿದರೆ ಸಿಗುವ ಅನುಕೂಲಗಳು ಬಹಳ.

ಅಡುಗೆಮನೆಯನ್ನು ನೋಡಿರಿ

ಹಾಲಿನ ಬಣ್ಣಕ್ಕಿಂತ ಅಡುಗೆಮನೆಯ ನೆಲ ಮುಖ್ಯ. ಯಾವ ಹೋಟೆಲನ್ನಾದರೂ ಗೊತ್ತುಮಾಡುವ ಮುನ್ನ, ಮುಂಚಿತವಾಗಿ ಹೇಳದೆ ಒಂದು ಸಾಮಾನ್ಯ ದಿನ ಮಧ್ಯಾಹ್ನ ಅಲ್ಲಿಗೆ ಹೋಗಿ, ಎಲ್ಲರೂ ತೆಗೆದುಕೊಳ್ಳುವ ಊಟವನ್ನೇ ಉಂಡು ಬರಬೇಕು. ಮಾದರಿಗೆಂದು ಮಾಡಿಕೊಡುವ ತಟ್ಟೆಯಲ್ಲಿ ಎಲ್ಲವೂ ರುಚಿಯಾಗಿಯೇ ಇರುತ್ತದೆ. ದಿನನಿತ್ಯದ ಸಾರು ಹೇಗಿದೆ, ಮಜ್ಜಿಗೆ ಹುಳಿಯಾಗಿದೆಯೇ, ಲೋಟ ತೊಳೆದಿದ್ದಾರೆಯೇ ಎಂಬುದರಿಂದ ನಿಜಸ್ಥಿತಿ ತಿಳಿಯುತ್ತದೆ. ಊಟವಾದ ಮೇಲೆ ಅಡುಗೆಮನೆ ನೋಡಬಹುದೇ ಎಂದು ವಿನಯದಿಂದ ಕೇಳಬೇಕು. ಮುಚ್ಚುಮರೆಯಿಲ್ಲದವರು ಸಂತೋಷದಿಂದ ತೋರಿಸುತ್ತಾರೆ.

ಅಲ್ಲಿ ನೋಡಬೇಕಾದುದು ಹೆಚ್ಚೇನಿಲ್ಲ. ಪಾತ್ರೆ ತೊಳೆಯುವ ಜಾಗ, ಕುಡಿಯುವ ನೀರಿನ ಮೂಲ, ಕರಿಯುವ ಎಣ್ಣೆಯ ಬಣ್ಣ, ಅಡುಗೆಯವರ ಉಗುರು. ಆಹಾರ ಸುರಕ್ಷತೆಯ ಕಾಯಿದೆ 2006ರಲ್ಲಿ ಬಂದಿದೆ. ಅದರಂತೆ ಪಡೆದ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಹೋಟೆಲಿನಲ್ಲಿ ಕಾಣುವಂತೆ ಹಾಕಿರಬೇಕು. 2022ರ ಜನವರಿಯಿಂದ ಬಿಲ್ಲಿನಲ್ಲಿಯೂ ಅದು ಇರಬೇಕೆಂದು ನಿಯಮವಾಗಿದೆ. ಸಣ್ಣ ಮಕ್ಕಳು ತಟ್ಟೆ ತೊಳೆಯುತ್ತಿರುವುದು ಕಂಡರೆ ಅಂಥ ಜಾಗವನ್ನು ಬಿಟ್ಟು ಬರುವುದೇ ಸರಿ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. ಮಗುವಿನ ದುಡಿಮೆಯ ಅನ್ನ ನಮ್ಮ ಶುಭಕಾರ್ಯಕ್ಕೆ ಶೋಭೆಯಲ್ಲ.

ಸಸ್ಯಾಹಾರದ ವಿಷಯದಲ್ಲಿ ಸ್ಪಷ್ಟವಾಗಿ ಕೇಳಬೇಕು. ಕೆಲವು ಹೋಟೆಲುಗಳಲ್ಲಿ ಊಟದ ಹಾಲು ಬೇರೆಯಾಗಿದ್ದರೂ ಅಡುಗೆಮನೆ ಒಂದೇ ಇರುತ್ತದೆ. ಪಾತ್ರೆ, ಎಣ್ಣೆಗಳೂ ಒಂದೇ ಇರಬಹುದು. ಹಿರಿಯರು ಬರುವ ಕಾರ್ಯಕ್ಕೆ ಸಂಪೂರ್ಣ ಸಸ್ಯಾಹಾರಿ ಅಡುಗೆಮನೆಯೇ ಇರುವ ಹೋಟೆಲನ್ನು ಆರಿಸುವುದು ಕ್ಷೇಮ. ಮೊಮ್ಮಕ್ಕಳು ಕೇಕು ಬೇಕೆಂದು ಹಟ ಹಿಡಿದರು. ಮೊಟ್ಟೆಯಿಲ್ಲದ್ದೆಂದು ಬೇಕರಿಯಲ್ಲಿ ಖಚಿತಪಡಿಸಿಕೊಂಡು ತರಿಸಿದೆವು. ಬಣ್ಣದ ತಿನಿಸುಗಳ ಬಗ್ಗೆಯೂ ಎಚ್ಚರ ಬೇಕು. ಹಾನಿಕಾರಕ ರಾಸಾಯನಿಕಗಳು ಪತ್ತೆಯಾದ್ದರಿಂದ 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಯಾವ ಪದಾರ್ಥಕ್ಕೂ ಬಣ್ಣ ಹಾಕಬಾರದೆಂದು ನಾವು ಮೊದಲೇ ತಿಳಿಸಿದೆವು.

ಪಂಕ್ತಿಯೋ, ಬಫೆಯೋ

ಬಫೆಯಲ್ಲಿ ಅನುಕೂಲಗಳಿಲ್ಲವೆಂದಲ್ಲ. ಸ್ಥಳ ಕಡಿಮೆ ಸಾಕು, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳಬಹುದು. ಆದರೆ ಒಂದು ಕೈಯಲ್ಲಿ ಕೋಲು ಹಿಡಿದವರು ಇನ್ನೊಂದು ಕೈಯಲ್ಲಿ ಬಿಸಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದಾದರೂ ಹೇಗೆ? ಎಲ್ಲರನ್ನೂ ಕೂರಿಸಿ ಎಲೆ ಹಾಕಿ ಬಡಿಸುವುದೆಂದು ನಿಶ್ಚಯಿಸಿದೆವು. ಹಾಲಿನಲ್ಲಿ ಒಮ್ಮೆಗೆ 48 ಜನ ಕೂರಬಹುದಿತ್ತು. ಎರಡು ಪಂಕ್ತಿ, ಪ್ರತಿಯೊಂದಕ್ಕೂ ಮುಕ್ಕಾಲು ಗಂಟೆ. ಮೊದಲ ಪಂಕ್ತಿಯಲ್ಲಿ ಹಿರಿಯರು, ಎಳೆಮಕ್ಕಳ ತಾಯಂದಿರು, ಪರಊರಿನವರು. ಎರಡನೆಯದರಲ್ಲಿ ನಾವು ಮನೆಯವರು ಮತ್ತು ಉಳಿದವರು. ಸಮಯವನ್ನು ಹೀಗೆ ಮೊದಲೇ ಎಣಿಸಿದ್ದರಿಂದ ಹಾಲನ್ನು ಎಷ್ಟು ಗಂಟೆಗೆ ಹಿಡಿಯಬೇಕೆಂಬುದು ತಾನಾಗಿಯೇ ತಿಳಿಯಿತು.

ಅಡುಗೆಯ ಪಟ್ಟಿಯನ್ನು ಉದ್ದ ಮಾಡುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ಬಗೆ ಮಾಡಿಸಿದರೆ ಹತ್ತು ಬಗೆ ಎಲೆಯಲ್ಲಿಯೇ ಉಳಿಯುತ್ತವೆ. ನಮ್ಮ ತಾಯಿಯವರು ಬಯಸಿದ್ದು ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಬಿಸಿ ಜೋಳದ ರೊಟ್ಟಿ. ಬೆಂಗಳೂರಿನ ಹೋಟೆಲಿನವರಿಗೆ ಉಳಿದದ್ದೆಲ್ಲ ಸಾಧ್ಯವಿತ್ತು, ರೊಟ್ಟಿಯೊಂದು ಕಷ್ಟವಾಯಿತು. ಇದರ ಲೆಕ್ಕವನ್ನು ಗೃಹಿಣಿಯರು ಬಲ್ಲರು. ಒಂದು ಹೆಂಚಿನಲ್ಲಿ ಒಂದು ರೊಟ್ಟಿ ಬಡಿದು ಬೇಯಿಸಲು ಎರಡು ಮೂರು ನಿಮಿಷ ಬೇಕು. ಗಂಟೆಗೆ 20ರಿಂದ 25 ಆದಾವು. ತಲೆಗೆ ಎರಡರಂತೆ 90 ಜನರಿಗೆ 180 ರೊಟ್ಟಿ. ಒಬ್ಬರೇ ಮಾಡಿದರೆ ಎಂಟು ಗಂಟೆಯ ಕೆಲಸ. ಆದ್ದರಿಂದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಮಾಡುವ ತಾಯಂದಿರು ಮೂವರಿಗೆ ಆ ಕೆಲಸ ಒಪ್ಪಿಸಿದೆವು. ಹೊರಗಿನ ಪದಾರ್ಥ ತರಲು ಹೆಚ್ಚಿನ ಹೋಟೆಲಿನವರು ಒಪ್ಪುವುದಿಲ್ಲ. ಮುಂಚೆಯೇ ಕೇಳಿ ಒಪ್ಪಿಗೆಯನ್ನು ಬರೆಸಿಕೊಂಡಿದ್ದೆವು.

ಬಾಯಿಮಾತು ಸಾಲದು

ಹಣದ ವಿಷಯದಲ್ಲಿ ಸಂಕೋಚ ಸಲ್ಲದು. ಊಟದ ದರ ಕೇಳಿ ತೃಪ್ತರಾಗಿ ಬಂದವರು ಕೊನೆಯಲ್ಲಿ ಬಿಲ್ಲು ನೋಡಿ ಬೆಚ್ಚುವುದುಂಟು. ಸಾಮಾನ್ಯ ರೆಸ್ಟೋರೆಂಟುಗಳ ಊಟಕ್ಕೆ ಶೇಕಡಾ 5ರಷ್ಟು ಜಿಎಸ್‌ಟಿ ಇದೆ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಕೋಣೆ ಬಾಡಿಗೆ ಪಡೆಯುವ ದೊಡ್ಡ ಹೋಟೆಲುಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 18 ಆಗುತ್ತದೆ. ಒಂದು ಲಕ್ಷದ ಊಟಕ್ಕೆ ತೆರಿಗೆಯೇ 18,000 ರೂಪಾಯಿ ಎಂಬುದನ್ನು ನೆನಪಿಡಬೇಕು.

ಕೆಲವರು ಇದರ ಮೇಲೆ ಶೇಕಡಾ 10ರಷ್ಟು ಸೇವಾ ಶುಲ್ಕವನ್ನೂ ಸೇರಿಸುತ್ತಾರೆ. ಇದು ಸರಕಾರದ ತೆರಿಗೆಯಲ್ಲ. ಗ್ರಾಹಕರ ಒಪ್ಪಿಗೆಯಿಲ್ಲದೆ ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ತಗಾದೆ ಬಂದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ಆದರೆ ಶುಭದಿನದಂದು ಜಗಳಕ್ಕೆ ನಿಲ್ಲುವುದಕ್ಕಿಂತ ಮುಂಗಡ ಕೊಡುವಾಗಲೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ಬರೆಸಿಕೊಳ್ಳಬೇಕಾದ ಸಂಗತಿಗಳು ಇಷ್ಟು: ದಿನಾಂಕ ಮತ್ತು ಗಂಟೆ, ಊಟದ ದರ, ಕನಿಷ್ಠ ಸಂಖ್ಯೆ, ಬಡಿಸುವ ಪದಾರ್ಥಗಳ ಪಟ್ಟಿ, ತೆರಿಗೆ ಸೇರಿದೆಯೋ ಇಲ್ಲವೋ, ಹೂವಿನ ಅಲಂಕಾರ, ಮೈಕು, ಜನರೇಟರಿಗೆ ಪ್ರತ್ಯೇಕ ಹಣವೇ, ಅವಧಿ ಮೀರಿದರೆ ಎಷ್ಟು, ಕಾರ್ಯ ನಿಂತುಹೋದರೆ ಮುಂಗಡದಲ್ಲಿ ಎಷ್ಟು ಮರಳುತ್ತದೆ. ಕೊನೆಯದನ್ನು ಕೇಳುವುದು ಅಪಶಕುನವೆಂದು ಕೆಲವರು ಭಾವಿಸುತ್ತಾರೆ. ಮನೆಯಲ್ಲಿ ವೃದ್ಧರಿರುವವರು ಅದನ್ನು ಕೇಳಲೇಬೇಕು.

ಕೊನೆಗೆ ನಾವು ಆರಿಸಿದ್ದು ಒಂದು ಹಳೆಯ ಹೋಟೆಲಿನ ನೆಲಮಹಡಿಯ ಹಾಲು. ಗೋಡೆಯ ಬಣ್ಣ ಸ್ವಲ್ಪ ಮಾಸಿತ್ತು. ಬಾಗಿಲಲ್ಲಿ ಎರಡೇ ಮೆಟ್ಟಿಲು. ಅದಕ್ಕೂ ಹಲಗೆ ಹಾಕಿಸಿಕೊಟ್ಟರು. ಊಟಕ್ಕೆ 450 ರೂಪಾಯಿ, ಕನಿಷ್ಠ 80 ಊಟ. 90 ಊಟಕ್ಕೆ 40,500 ರೂಪಾಯಿ, ತೆರಿಗೆ 2,025, ಒಟ್ಟು 42,525 ರೂಪಾಯಿ. ಕೈಬಿಟ್ಟ ಹಾಲಿನಲ್ಲಾದರೆ 72,000 ದಾಟುತ್ತಿತ್ತು.

ಉಳಿದ ಅನ್ನ, ಉಳಿದ ಹಣ

ಅನ್ನ ಚೆಲ್ಲುವುದು ನಮ್ಮಲ್ಲಿ ಅಪರಾಧಕ್ಕೆ ಸಮಾನ. ಆದರೂ ಸಮಾರಂಭಗಳಲ್ಲಿ ಅದು ನಡೆಯುತ್ತಲೇ ಇದೆ. ಉಳಿದ ಊಟವನ್ನು ಮಾಲೀಕರಿಗೆ ಕೊಡುತ್ತಾರೆಯೇ, ಕೊಂಡೊಯ್ಯಲು ಪಾತ್ರೆ ಯಾರದು ಎಂದು ಮೊದಲೇ ಕೇಳಬೇಕು. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ತಣ್ಣಗೆ ಬಿಟ್ಟರೆ ಅದು ಕೆಡುವ ಸಂಭವವಿದೆ. ಸಂಜೆಯವರೆಗೆ ಇಟ್ಟು ಹಂಚುವುದು ದಾನವಾಗದು. ಎಲೆಯಲ್ಲಿ ಬಿಟ್ಟದ್ದನ್ನಲ್ಲ, ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದನ್ನು ಬಿಸಿಯಿರುವಾಗಲೇ ಕಳುಹಿಸಬೇಕು. ಉಳಿದ ಆಹಾರವನ್ನು ಸಂಗ್ರಹಿಸಿ ಹಂಚುವವರಿಗಾಗಿ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ನಿಯಮಗಳನ್ನೇ ಮಾಡಿದೆ. ನಾವು ಹತ್ತಿರದ ವಿದ್ಯಾರ್ಥಿನಿಲಯವೊಂದಕ್ಕೆ ಹಿಂದಿನ ದಿನವೇ ತಿಳಿಸಿಟ್ಟಿದ್ದೆವು. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಅವರು ಡಬ್ಬಿಗಳೊಡನೆ ಬಂದಿದ್ದರು.

ಬಡಿಸಿದವರ ಊಟವನ್ನು ನಾವು ಮರೆಯುತ್ತೇವೆ. ಬೆಳಗಿನಿಂದ ನಿಂತು ದುಡಿದ ಹುಡುಗರು, ಒಲೆಯ ಮುಂದೆ ರೊಟ್ಟಿ ಬಡಿದ ತಾಯಂದಿರು ಅದೇ ಹೋಳಿಗೆಯನ್ನು ಕುಳಿತು ಉಣ್ಣಬೇಕು. ಕಾಯಕವನ್ನು ಗೌರವಿಸುತ್ತೇವೆನ್ನುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಲೆಕ್ಕದ 90 ಊಟದಲ್ಲಿ ಅವರನ್ನೂ ಸೇರಿಸಿಕೊಂಡಿದ್ದೆವು. ಬರುತ್ತೇನೆಂದು ಬಾರದವರು ಎಲ್ಲ ಕಾರ್ಯಗಳಲ್ಲಿಯೂ ಇದ್ದೇ ಇರುತ್ತಾರೆ.

ಉಳಿದ ಹಣದ ವಿಷಯ ಬಂದಾಗ ನಮ್ಮ ತಾಯಿಯವರು ತಮ್ಮ ಅಭಿಪ್ರಾಯ ತಿಳಿಸಿದರು. ನಮ್ಮ ನಾಡಿನ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಲೆಕ್ಕವಿಲ್ಲದಷ್ಟು. ತುಮಕೂರಿನ ಸಿದ್ಧಗಂಗಾ ಮಠವೊಂದರಲ್ಲಿಯೇ ಸಾವಿರಾರು ಮಕ್ಕಳು ಪ್ರತಿನಿತ್ಯ ಪ್ರಸಾದ ಸ್ವೀಕರಿಸುತ್ತಾರೆ. ನಮ್ಮ ತಂದೆಯವರೂ ಅಂಥದೇ ಒಂದು ನಿಲಯದಲ್ಲಿದ್ದು ಓದಿದವರು. "ದೊಡ್ಡ ಹಾಲ್‌ನ್ಯಾಗ ಮಾಡಿದ್ದರ ಆ ರೊಕ್ಕ ಹೋಗೇ ಹೋಗ್ತಿತ್ತು. ಅದರಾಗ ಅರ್ಧಾ ಹುಡುಗರ ಊಟಕ್ಕ ಕಳಿಸ್ರಿ" ಎಂದರು. ಹಾಗೆಯೇ 15,000 ರೂಪಾಯಿಯನ್ನು ಕಳುಹಿಸಿದೆವು.

ಆ ದಿನ

ಭಾನುವಾರ ಹನ್ನೆರಡೂವರೆಗೆ ಮೊದಲ ಪಂಕ್ತಿ ಕುಳಿತಿತು. ದೀಪ ಬೆಳಗಿದ್ದು ಮೊಮ್ಮಕ್ಕಳ ಕೈಯಿಂದ. ಕೇಕು ಕೊಯ್ದರು, ಹಾಡಿದರು. ಅಲಂಕಾರವೆಂದರೆ ಬಾಗಿಲಿಗೆ ಮಾವಿನ ತೋರಣ ಮತ್ತು ಹೂವಿನ ಮಾಲೆ, ಅಷ್ಟೇ. ಗೋಡೆಯ ಬಣ್ಣ ಮಾಸಿದ್ದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಪೂಜೆಯ ಕೋಣೆಯಲ್ಲಿ ನಾಲ್ಕು ಜನ ಹಿರಿಯರು ಶಾಂತವಾಗಿ ಕುಳಿತು ಪೂಜೆ ಮುಗಿಸಿ, ವಿಭೂತಿ ಧರಿಸಿ ಬಂದರು. ಗಾಲಿಕುರ್ಚಿಯಲ್ಲಿ ಬಂದಿದ್ದ ನಮ್ಮ ದೊಡ್ಡಪ್ಪನವರು ಹಲಗೆಯ ಮೇಲಿನಿಂದ ನೇರವಾಗಿ ಮೇಜಿನವರೆಗೆ ಬಂದು, ಇಪ್ಪತ್ತು ವರ್ಷಗಳಿಂದ ಕಾಣದ ಷಡ್ಡಕರ ಪಕ್ಕದಲ್ಲಿಯೇ ಕುಳಿತರು. ಅವರ ಮಾತಿಗೆ ಹೋಳಿಗೆ ತಣ್ಣಗಾಯಿತು, ಮತ್ತೊಮ್ಮೆ ಬಿಸಿಯಾದದ್ದನ್ನು ಬಡಿಸಬೇಕಾಯಿತು.

ಎಲೆಗೆ ತುಪ್ಪ ಬಡಿಸಿ ಊಟ ಆರಂಭಿಸಿರೆಂದು ಕೇಳಿಕೊಂಡಾಗ ನಮ್ಮ ತಾಯಿಯವರು ತುತ್ತು ಎತ್ತಲಿಲ್ಲ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಎಲ್ಲಾರೂ ಕುಂತಾರೇನು? ಕೆಳಗ ಯಾರೂ ಉಳಿದಿಲ್ಲಲಾ?" ಎಂದು ಕೇಳಿದರು. ಅಲ್ಲಿ ಕೆಳಗೆಂಬುದೇ ಇರಲಿಲ್ಲ. ಅವರು ಯಾರನ್ನು ನೆನೆದು ಕೇಳಿದರೆಂದು ನಮಗೆ ತಿಳಿಯಿತು. ಎಲ್ಲರೂ ಕುಳಿತಿದ್ದಾರೆಂದು ಹೇಳಿದ ಮೇಲೆಯೇ ಅವರು ಉಂಡರು.

ಓದುಗ ಬಾಂಧವರೇ, ಹೋಟೆಲು ಚಿಕ್ಕದೋ ದೊಡ್ಡದೋ, ಹಳೆಯದೋ ಹೊಸದೋ ಎಂಬುದು ಅವರವರ ಅನುಕೂಲಕ್ಕೆ ಬಿಟ್ಟ ವಿಷಯ. ಸಾಲ ಮಾಡಿ ಆಡಂಬರ ತೋರಿಸಬೇಕಾಗಿಲ್ಲ. ಕೈಯಲ್ಲಿದ್ದೂ ಕೃಪಣರಾಗಬೇಕಾಗಿಯೂ ಇಲ್ಲ. ನೀವು ಕರೆಯುವವರಲ್ಲಿ ನಡೆಯಲು ಎಲ್ಲರಿಗಿಂತ ಕಷ್ಟಪಡುವವರು ಯಾರೆಂದು ಮೊದಲು ನೆನೆದುಕೊಳ್ಳಿರಿ. ಅವರು ಸುಖವಾಗಿ ಬಂದು, ಕುಳಿತು, ಶುಚಿಯಾದ ಬಿಸಿ ಅನ್ನ ಉಂಡು, ನಾಲ್ಕು ಮಾತನಾಡಿ ಹೋಗುವಂತಹ ಜಾಗ ಯಾವುದೋ ಅದನ್ನೇ ಹಿಡಿಯಿರಿ. ನಮಗೆ ತಡವಾಗಿ ಬಂದ ಈ ತಿಳಿವಳಿಕೆ ನಿಮಗೆ ಮುಂಗಡ ಕೊಡುವ ಮುನ್ನವೇ ಬರಲೆಂಬುದು ನಮ್ಮ ಹಾರೈಕೆ.